ಬಿ ಸೈಡಿನ ಸೋಬಾನೆ

ಎಂಬತ್ಮೂರನೇ ಇಸವಿ. ಬಂಗಾರಪೇಟೆಯಿಂದ ಬೇತಮಂಗಲದವರೆಗೆ ಡಿಸ್ಕೊ ಜ್ವರ ತಗುಲದ ಮನೆಯೇ ಇರಲಿಲ್ಲ ಅಂದರೆ ನಂಬಬೇಕು. ರಾಬರ್ಟ್‌ಸನ್‌ಪೇಟೆಯ ದರ್ಜಿಗಳು ಮಿರಮಿರ ಮಿಂಚುವ ಬಟ್ಟೆ ಹೊಲಿದು ಹೊಲಿದು ಕಣ್ಣು ಕೆಡಿಸಿಕೊಂಡರು. ಡೇರಿಗೆ ಹಾಲು ಹಾಕಲು ಬರುವ ಗಂಡಸರು ಕ್ಯಾನು ಕೆಳಗಿಟ್ಟು, ಒಂದು ಕೈ ಸೊಂಟಕ್ಕೆ, ಇನ್ನೊಂದು ಬೆರಳು ಆಕಾಶಕ್ಕೆ ಮಾಡಿ ನಿಲ್ಲುತ್ತಿದ್ದರು. ಹಿರಿಯರು ಕ್ಯಾಕರಿಸಿ ಉಗಿದರು. ಆಮೇಲೆ ಹಿತ್ತಲಲ್ಲಿ ಯಾರೂ ಇಲ್ಲದಾಗ ಅವರೂ ಒಂದು ಸಲ ಸೊಂಟ ಅಲ್ಲಾಡಿಸಿ ನೋಡಿಕೊಂಡರು, ಸುಳ್ಳು ಯಾಕೆ ಹೇಳಬೇಕು.

ಈ ಜ್ವರದ ನಡುವೆ ನಮ್ಮ ಆದಿಲಕ್ಷ್ಮಿಗೆ ಹಾಡುವ ಯೋಗ ಬಂತು. ಬೇತಮಂಗಲದ ರಸ್ತೆ ಪಕ್ಕದ ಹಳ್ಳಿಯ ಹುಡುಗಿ. ಅಪ್ಪ ಇಲ್ಲ, ಎರಡು ಸೀಮೆಹಸು ಇವೆ, ಮತ್ತೆ ಅಮ್ಮ ಅಶ್ವತ್ಥಮ್ಮ ಇದ್ದಾಳೆ. ಅಶ್ವತ್ಥಮ್ಮ ಒಬ್ಬಳು ಇದ್ದರೆ ಹತ್ತು ಜನ ಇದ್ದ ಹಾಗೆ. ಸುತ್ತಿನ ಹಳ್ಳಿಗಳಲ್ಲಿ ಮದುವೆ ಗೊತ್ತಾದರೆ ಪುರೋಹಿತರಿಗಿಂತ ಮೊದಲು ಅವಳಿಗೆ ಹೇಳಿ ಕಳಿಸುತ್ತಿದ್ದರು, ಸೋಬಾನೆ ಪದಕ್ಕೆ. ನಮ್ಮ ಕಡೆ ಸೋಬಾನೆ ಅಂದರೆ ಬರೀ ಆರತಿ ಹಾಡಲ್ಲ, ಅದು ಜಿದ್ದು. ಹೆಣ್ಣಿನ ಕಡೆಯವರು ಒಂದು ಪದ ಎಸೆದರೆ ಗಂಡಿನ ಕಡೆಯವರು ಉತ್ತರದ ಪದ ಹೇಳಲೇಬೇಕು. ಹೇಳದೆ ಕೂತರೆ ಆ ಕಡೆಯವರು ಸೋತ ಹಾಗೆ, ಊಟದ ಪಂಕ್ತಿಯಲ್ಲೂ ತಲೆ ಎತ್ತುವ ಹಾಗಿಲ್ಲ. ಇನ್ನೊಂದು ಕಟ್ಟು ಇದೆ. ಹೆಣ್ಣಿನ ಹೆಸರು ಎತ್ತಿ ಶುರು ಮಾಡಿದ ಪದವನ್ನು ಗಂಡಿನ ಹೆಸರು ಸೇರಿಸಿ ಮುಗಿಸಬೇಕು. ಅರ್ಧಕ್ಕೆ ಬಿಟ್ಟರೆ ಆ ಹೆಣ್ಣಿನ ಬಾಳೂ ಅರ್ಧಕ್ಕೆ ನಿಲ್ಲುತ್ತದೆ ಅಂತ ನಂಬಿಕೆ. ಅಶ್ವತ್ಥಮ್ಮ ತನ್ನ ಜನ್ಮದಲ್ಲಿ ಒಂದು ಪದಕ್ಕೂ ಉತ್ತರ ಬಾಕಿ ಇಟ್ಟವಳಲ್ಲ, ಒಂದನ್ನೂ ಅರ್ಧಕ್ಕೆ ಬಿಟ್ಟವಳಲ್ಲ. ಆ ಗಂಟಲು ಹಾಗೇ ಮಗಳಿಗೆ ಬಂದಿತ್ತು.

ಇನ್ನು ಸೀನಪ್ಪ. ಅದೇ ಊರಿನವನು, ವರಸೆಯಲ್ಲಿ ಆದಿಲಕ್ಷ್ಮಿಗೆ ಬಾವ. ರಾಬರ್ಟ್‌ಸನ್‌ಪೇಟೆಯ ಬ್ಯಾಂಡ್ ಸೆಟ್ಟಿನಲ್ಲಿ ಕ್ಲಾರಿನೆಟ್ ಊದುತ್ತಿದ್ದ. ಊದಿದರೆ ನಿಂತ ಬಸ್ಸಿನ ಜನವೆಲ್ಲ ಕಿಟಕಿಗೆ ಬರಬೇಕು, ಅಂಥ ಉಸಿರು. ಬಾಯಿ ಬಿಟ್ಟು ಮಾತಾಡು ಅಂದರೆ ಮಾತ್ರ ಆಸಾಮಿ ಕಲ್ಲು. ‘ಊಟ ಆಯ್ತೇನೋ’ ಅಂತ ಕೇಳಿದರೂ ಪೀಂ ಅಂತ ಊದಿ ತೋರಿಸುವ ಜಾತಿ. ಆದಿಲಕ್ಷ್ಮಿಗೆ ಅವನೆಂದರೆ ಪ್ರಾಣ. ಅವನಿಗೂ ಅವಳೆಂದರೆ ಪ್ರಾಣವೇ ಇರಬೇಕು ಅಂತ ಅವಳ ಲೆಕ್ಕ. ಆದರೆ ಕಲ್ಲಿನ ಬಾಯಿಂದ ಆ ಮಾತು ಯಾರು ಹೊರಡಿಸುತ್ತಾರೆ?

ಹಾಗಿದ್ದವನು ಒಂದು ದಿನ ಡೇರಿಯ ಮುಂದೆ ನಿಂತು ತನ್ನ ಆಯುಷ್ಯದ ಅತಿ ಉದ್ದನೆಯ ಮಾತಾಡಿದ.

“ಆದಿ, ಸಿನಿಮಾ ಪದ ಊದಿ ಊದಿ ಸಾಕಾಗೋಗಿದೆ. ನಮ್ದೇ ಒಂದು ಕ್ಯಾಸೆಟ್ ಮಾಡಾನ. ಒಂದೇ ಪ್ರೀತಿ, ಎಂಟು ಪದ. ಮೊದ್ಲು ನೋಡಾದು, ಆಮ್ಯಾಕೆ ಮಾತು, ಆಮ್ಯಾಕೆ ಕದ್ದು ಸೇರಾದು, ಮೈ ಮರೆಯಾದು. ಅಲ್ಲಿಗೆ ಎ ಸೈಡು. ತಿರುಗ್ಸಿದ್ರೆ ಜಗಳ, ಮುನಿಸು, ಅಗಲಾದು, ಕಡೇಗೆ ಒಂದು ಕರೆ. ಎಲ್ಲಾ ಡಿಸ್ಕೊ. ಪದ ನೀನು ಯೋಳ್ಬೇಕು.”

“ಅಳಾದೂ ಡಿಸ್ಕೊನಾ ಬಾವ?”

“ಅಳಾದೇ ಡಿಸ್ಕೊ. ಕುಣೀತಾ ಅತ್ರೆ ಯಾರ್ಗೂ ಗೊತ್ತಾಗಲ್ಲ.”

ಅವಳ ಮೈ ಜುಂ ಅಂದಿತು. ಕ್ಯಾನಿನ ಮುಚ್ಚಳ ಎಲ್ಲಿಟ್ಟಳೋ ಮರೆತು ಮನೆಗೆ ಹೋದಳು. ಅಮ್ಮನಿಗೆ ಸೋಬಾನೆ ಕ್ಯಾಸೆಟ್ಟು ಅಂತ ಹೇಳಿದಳು. ಪೂರಾ ಸುಳ್ಳೂ ಅಲ್ಲ ಅದು, ಸೀನಪ್ಪ ಇಟ್ಟ ಹೆಸರೇ ‘ಡಿಸ್ಕೊ ಸೋಬಾನೆ’. ಸಂಜೆ ಹಾಲು ಕರೆಯೋ ಹೊತ್ತಿಗೆ ಮನೆಯಲ್ಲಿರಬೇಕು ಅನ್ನೋ ಕರಾರಿನ ಮೇಲೆ ಅಶ್ವತ್ಥಮ್ಮ ಒಪ್ಪಿದಳು.

ರೆಕಾರ್ಡಿಂಗ್ ನಡೆದದ್ದು ರಾಬರ್ಟ್‌ಸನ್‌ಪೇಟೆಯ ಬಚ್ಚಪ್ಪನ ಮೈಕ್ ಸೆಟ್ ಅಂಗಡಿಯ ಹಿಂದಿನ ಕೋಣೆಯಲ್ಲಿ. ಬಚ್ಚಪ್ಪ ಮದುವೆಮನೆಗಳಿಗೆ ಹಾರ್ನು ಸ್ಪೀಕರು, ಸೀರಿಯಲ್ ಸೆಟ್ ದೀಪ ಬಾಡಿಗೆಗೆ ಕೊಡುವವನು. ಗೋಡೆಗೆಲ್ಲ ಕೌದಿ ನೇತುಹಾಕಿ, ಕಿಟಕಿಗೆ ಗೋಣಿಚೀಲ ತುರುಕಿ, ಸ್ಟುಡಿಯೊ ಆಯಿತು ನೋಡು ಅಂದ. ಡ್ರಮ್ಸಿಗೆ ಮೈಸೂರು ಮೈನ್ಸ್ ಅನ್ನೋ ಚಿನ್ನದ ಗಣಿಯ ಕುಪ್ಪುಸ್ವಾಮಿ, ಬ್ಯಾಂಡ್ ಸೆಟ್ಟಿನಲ್ಲಿ ಸೀನಪ್ಪನ ಜೊತೆಗಾರ, ತಮಿಳಲ್ಲಿ ಶುರು ಮಾಡಿ ಕನ್ನಡದಲ್ಲಿ ಮುಗಿಸುವ ಮನುಷ್ಯ. ಒಳಗೆ ಬೆವರು ಹರಿದು ಹೋಗುವ ಸೆಕೆ. ಎಲ್ಲಾ ಸರಿಹೋಯಿತು ಅನ್ನುವಾಗ ಮೈನ್ಸಿನ ಪಾಳಿಯ ಸೈರನ್ನು ಊಳಿಡುತ್ತಿತ್ತು. ಸೈರನ್ನು ನಿಂತು ಮತ್ತೆ ಹಾಡು ಎತ್ತಿದರೆ ಕೆಳಗೆ ಎಲ್ಲೋ ಸಿಡಿಮದ್ದು ಹೊಡೆದು ನೆಲವೇ ನಡುಗುತ್ತಿತ್ತು. ಆದಿಲಕ್ಷ್ಮಿ ಬೆಚ್ಚಿ ನಿಲ್ಲಿಸಿದರೆ ಕುಪ್ಪುಸ್ವಾಮಿ ಕೋಲು ನಿಲ್ಲಿಸದೆ ಹೇಳುತ್ತಿದ್ದ: “ನಿಲ್ಲಿಸ್ಬೇಡ ಮ್ಮಾ, ಪಾಡು ಪಾಡು. ಭೂಮಿತಾಯೀನೂ ತಾಳಕ್ಕೇ ಹೊಡೀತಾಳೆ.”

ಮೊದಲ ಹಾಡು ನೋಟದ್ದು.

‘ಬಾವಿಕಟ್ಟೆ ಮ್ಯಾಲೆ ನಿಂತು ನೋಡಿದೋನ್ಯಾರೇ
ಕೊಡ ತುಂಬಿ ಚೆಲ್ಲಿದ್ದನ್ನ ಹೇಳಿದೋನ್ಯಾರೇ’

ಹಳ್ಳಿಯ ಮಟ್ಟು, ಕೆಳಗೆ ಧಂಚಕ ಧಂಚಕ, ಮೇಲೆ ಕ್ಲಾರಿನೆಟ್ಟು ಹುಚ್ಚೆದ್ದ ಕೋಳಿಯ ಹಾಗೆ. ಬಚ್ಚಪ್ಪ ಟೇಪು ಹಿಂದಕ್ಕೆ ಓಡಿಸಿ ಕೇಳಿಸಿದಾಗ ನಾಲ್ಕು ಜನವೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಚೆನ್ನಾಗಿತ್ತು ಕಣ್ರೀ. ಎಷ್ಟು ಚೆನ್ನಾಗಿತ್ತು ಅಂದರೆ ಬಚ್ಚಪ್ಪ ಎದ್ದು ಹೋಗಿ ಎಲ್ಲರಿಗೂ ಟೀ ತಂದ, ಜೊತೆಗೆ ಬೋಂಡಾ. ಅವನ ಜಿಪುಣತನ ಗೊತ್ತಿದ್ದವರು ಆ ಬೋಂಡಾದ ಬೆಲೆ ತಿಳಿಯುತ್ತಾರೆ.

ಹಾಡು ಒಂದೊಂದೇ ಮೆಟ್ಟಿಲು ಏರಿದ ಹಾಗೆ ಅವರಿಬ್ಬರೂ ಏರಿದರು. ಮಾತಿನ ಹಾಡು ಮುಗಿದ ದಿನ ಸೀನಪ್ಪ ಬಸ್ಸಿನಲ್ಲಿ ಅವಳ ಹಿಂದಿನ ಸೀಟಿನಲ್ಲಿ ಕೂತ. ಮೈಮರೆವ ಹಾಡಿನ ದಿನ ಪಕ್ಕದ ಸೀಟಿನಲ್ಲೇ ಕೂತ. ಬೇತಮಂಗಲದ ಕೆರೆ ಏರಿ ಬರುವವರೆಗೂ ಅವಳ ಕೈ ಬಿಡಲಿಲ್ಲ. ಜಗಳದ ಹಾಡು ಬರುವ ಹೊತ್ತಿಗೆ ನಿಜಕ್ಕೂ ಜಗಳ ಆಡಿದರು, ತಾಳ ಯಾರು ತಪ್ಪಿದ್ದು ಅಂತ. ಆ ಸಿಟ್ಟು ಹಾಗೇ ಟೇಪಿಗೆ ಬಿತ್ತು. ಅಗಲುವ ಹಾಡಿನಲ್ಲಿ ಅವಳು ಅತ್ತದ್ದೂ ಬಿತ್ತು. ಹೀಗೆ ಸಾಗಿ ಸಾಗಿ ಎಂಟನೆಯದಕ್ಕೆ ಬಂದರು. ಕರೆಯ ಹಾಡಿನ ಮಾತು ಆದಿಲಕ್ಷ್ಮಿಯದೇ. ಯಾರಿಗೂ ತೋರಿಸಿರಲಿಲ್ಲ.

‘ಹೊಸ್ತಿಲಾಚೆ ನಿಂತವಳೆ ನಮ್ಮ ಆದಿಲಕ್ಷ್ಮಿ
ಗಂಡಿನೋರೇ ಹೇಳಿರಿ, ಒಳಗೆ ಕರೆಯೋರ್ಯಾರು’

ತನ್ನ ಹೆಸರನ್ನು ತಾನೇ ಎತ್ತಿದ್ದಳು. ಹಾಡಿ, ಮೈಕಿನಿಂದ ಅರ್ಧ ಹೆಜ್ಜೆ ಹಿಂದೆ ಸರಿದು, ಸೀನಪ್ಪನ ಮುಖ ನೋಡಿದಳು. ಉತ್ತರದ ಪದಕ್ಕೆ ಎಷ್ಟು ಜಾಗ ಬೇಕೋ ಅಷ್ಟು ಹೊತ್ತು ಧಂಚಕ ಧಂಚಕ ಒಂದೇ ಓಡಿತು. ಅವನು ಹಾಡಲಿಲ್ಲ. ಕ್ಲಾರಿನೆಟ್ಟನ್ನು ತುಟಿಗೆ ಇಟ್ಟುಕೊಂಡಿದ್ದನಲ್ಲ, ಅದನ್ನೂ ಊದಲಿಲ್ಲ. ಟೇಪು ನಿಂತಿತು.

“ಇಷ್ಟುದ್ದ ಖಾಲಿ ಬಿಟ್ರೆ ಕ್ಯಾಸೆಟ್ ಕೆಟ್ಟೋಗಿದೆ ಅಂತ ವಾಪಸ್ ತತ್ತಾರೆ ಕಣ್ಲಾ,” ಅಂದ ಬಚ್ಚಪ್ಪ.

“ಇರ್ಲಿ ಬಿಡಣ್ಣ. ಉತ್ತರ ಕೇಳೋರೇ ಕಟ್ಕೊಂತಾರೆ,” ಅಂದ ಸೀನಪ್ಪ ನೆಲ ನೋಡುತ್ತಾ.

ಕೇಳೋರು ಕಟ್ಟಿಕೊಳ್ಳಬೇಕಂತೆ. ಆದಿಲಕ್ಷ್ಮಿಗೆ ಅಂಗಾಲಿನಿಂದ ನೆತ್ತಿಗೆ ಉರಿ ಹತ್ತಿತು. ಅವಳು ಕೇಳಿದ್ದು ಊರನ್ನಲ್ಲ, ಇವನನ್ನು. ಬಸ್ ಸ್ಟ್ಯಾಂಡಿನಲ್ಲಿ ಹಿಡಿದು ನಿಲ್ಲಿಸಿ ಕೇಳಿಯೇ ಬಿಟ್ಟಳು.

“ಬಾವ, ನನ್ ಪದಕ್ಕೆ ಉತ್ರ?”

“ನನ್ ಗಂಟ್ಲು ನಿಂಗೊತ್ತಲ್ಲ ಆದಿ, ಕತ್ತೆ ಕೂಗ್ದಂಗೆ. ಅದೂ ಅಲ್ದೆ ನಿಮ್ಮಮ್ಮ ಊದೋನ್ಗೆ ಎಣ್ಣು ಕೊಡ್ತಾಳಾ?”

“ಅಮ್ಮುನ್ನ ಕೇಳ್ತಿಲ್ಲ ನಾನು. ನಿನ್ನ ಕೇಳ್ತಿವ್ನಿ.”

ಬಸ್ಸು ಬಂತು. ಅವನು ಹತ್ತಿ ಹಿಂದಿನ ಸೀಟಿಗೆ ಹೋದ.

ಕ್ಯಾಸೆಟ್ಟು ಹೊರಬಿದ್ದದ್ದೇ ತಡ, ಬಿಸಿಬಿಸಿ ದೋಸೆ ಹೋದ ಹಾಗೆ ಹೋಯಿತು. ಬಂಗಾರಪೇಟೆ ಸ್ಟೇಷನ್ ಎದುರಿನ ಹೋಟೆಲಿನಲ್ಲಿ ಅದೇ, ಆಟೋದಲ್ಲಿ ಅದೇ, ಯಾವ ಮದುವೆಯ ಹಾರ್ನು ಕೇಳಿದರೂ ‘ಬಾವಿಕಟ್ಟೆ ಮ್ಯಾಲೆ’. ಮುದುಕಿಯರು ರಾಗಿ ಬೀಸುತ್ತಾ ಧಂಚಕ ಅನ್ನತೊಡಗಿದರು. ಆದರೆ ಎಲ್ಲ ಎ ಸೈಡು ಮಾತ್ರ. ಬಿ ಸೈಡು ಯಾರೂ ಹಾಕಲೊಲ್ಲರು. ಶುಭಕಾರ್ಯದ ಮನೆಯಲ್ಲಿ ಜಗಳದ ಹಾಡು, ಅಗಲುವ ಹಾಡು ಹಾಕುವುದುಂಟೆ? ಹೋಟೆಲಿನವರಿಗೂ ಆಟೋದವರಿಗೂ ಗಿರಾಕಿಗಳ ಮುಂದೆ ಅಳು ಬೇಡ. ಮದುವೆಮನೆ ಬಿಟ್ಟರೆ ನಮ್ಮ ಹಳ್ಳಿಗಳಲ್ಲಿ ಆಗ ಟೇಪ್ ರೆಕಾರ್ಡರ್ ತಾನೇ ಎಲ್ಲಿತ್ತು! ನೋಡಿ, ಮಾತಾಡಿ, ಸೇರಿ, ಮೈಮರೆತು, ಟಕ್ ಅಂತ ನಿಂತು, ಮತ್ತೆ ಮೊದಲಿಂದ ನೋಡುವುದು. ಅರ್ಧ ಪ್ರೀತಿಯನ್ನೇ ತಿರುಗಿಸಿ ತಿರುಗಿಸಿ ಊರೆಲ್ಲ ಕುಣಿಯಿತು. ಆದಿಲಕ್ಷ್ಮಿಯ ಪ್ರಶ್ನೆ ಟೇಪಿನ ಆ ಬದಿಯಲ್ಲಿ ಯಾರ ಕಿವಿಗೂ ಬೀಳದೆ ಉಳಿಯಿತು, ಅಮ್ಮನ ಕಿವಿಗೂ.

ಅಷ್ಟರಲ್ಲಿ ಅಮ್ಮ ಸುಮ್ಮನಿದ್ದಳೇ? ಮುಳಬಾಗಿಲ ಕಡೆಯ ಒಂದು ಗಂಡು ಹುಡುಕಿದ್ದಳು. ಮೈನ್ಸಿನಲ್ಲಿ ಪರ್ಮನೆಂಟು. ಶುಕ್ರವಾರ ಹೆಣ್ಣು ನೋಡಲು ಬರುತ್ತಾರೆ ಅಂತ ಗೊತ್ತಾಯಿತು. ಆದಿಲಕ್ಷ್ಮಿ ಡೇರಿಯ ಮುಂದೆ ಸೀನಪ್ಪನಿಗೆ ಹೇಳಿದಳು. ಅವನ ಮುಖ ಬಿಳಿಚಿತು, ಕಣ್ಣು ತುಂಬಿತು. ಕೊನೆಗೆ ಬಂದ ಮಾತು ಏನು ಗೊತ್ತೇ?

“ಒಳ್ಳೆ ಸಂಬಂಧ ಅಂತಾರೆ.”

ಕ್ಯಾನು ಎತ್ತಿ ಅವನ ತಲೆಗೆ ಕುಕ್ಕಬೇಕು ಅನ್ನಿಸಿತು ಅವಳಿಗೆ. ಕ್ಯಾನಿನಲ್ಲಿ ಹಾಲಿತ್ತು, ಬಿಟ್ಟಳು. ಮನೆಗೆ ಬರುವ ದಾರಿಯಲ್ಲಿ ಅತ್ತಳು, ಬೈದಳು, ಆಮೇಲೆ ನಿಶ್ಚಯ ಮಾಡಿದಳು. ಇವನನ್ನು ಒಬ್ಬನೇ ಸಿಕ್ಕಾಗ ಕೇಳಿ ಪ್ರಯೋಜನವಿಲ್ಲ. ಉತ್ತರ ಹೇಳದಿದ್ದರೆ ಮಾನ ಹೋಗುವ ಕಡೆ ಕೇಳಬೇಕು. ಹೇಳಿದರೆ ಸರಿ. ಅಲ್ಲೂ ಬಾಯಿ ಬಿಡದಿದ್ದರೆ ಶುಕ್ರವಾರದವನ ಮುಂದೆ ತಲೆ ಬಗ್ಗಿಸಿ ಕೂರುವುದು, ಇವನನ್ನು ಮರೆಯುವುದು.

ಬುಧವಾರ ಊರಿನ ಶ್ರೀರಾಮಪ್ಪನ ಮಗಳ ಮದುವೆ. ಗಂಡಿನವರು ಬಂಗಾರಪೇಟೆಯ ಪೇಟೆ ಜನ, ಅವರ ಹೆಂಗಸರಿಗೆ ಒಂದು ಸೋಬಾನೆ ಪದವೂ ಬಾರದು. ಜಿದ್ದಿಗೆ ಒಂದು ಕಡೆಯವರೇ ಇಲ್ಲದಿದ್ದರೆ ಹೇಗೆ? ಶ್ರೀರಾಮಪ್ಪನೇ ಕೈ ಮುಗಿದು ಅಶ್ವತ್ಥಮ್ಮನನ್ನು ಗಂಡಿನ ಕಡೆಗೆ ಎರವಲು ಕೊಟ್ಟ. ಅವಳು ತನ್ನ ಊರಿನ ಹೆಂಗಸರ ಎದುರಿಗೇ ಚಾಪೆ ಹಾಕಿಸಿಕೊಂಡು ಕೂತಳು. ಬೆಳಗಿನಿಂದ ಎಸೆದ ಪದಕ್ಕೆಲ್ಲ ತಿರುಗೇಟು ಕೊಟ್ಟು ಕೊಟ್ಟು ಅವಳ ಮುಖ ಕೆಂಪೇರಿತ್ತು. ಪರರ ಕಡೆಗೆ ಕೂತರೂ ಗೆಲ್ಲುವ ಚಟ ಬಿಡುತ್ತದೆಯೇ? ಬ್ಯಾಂಡ್ ಸೆಟ್ಟಿಗೆ ಸೀನಪ್ಪ, ಕುಪ್ಪುಸ್ವಾಮಿ. ಹಾರ್ನಿಗೆ ಬಚ್ಚಪ್ಪ.

ತಾಳಿ ಕಟ್ಟಾಯಿತು. ಊಟದ ಪಂಕ್ತಿ ಕೂತಿತು. ಹಾರ್ನಿನಲ್ಲಿ ಎ ಸೈಡು ಹಾಡುತ್ತಿತ್ತು. ಆದಿಲಕ್ಷ್ಮಿ ಬಚ್ಚಪ್ಪನ ಹತ್ತಿರ ಹೋಗಿ, “ಬಿ ಸೈಡು ಹಾಕಣ್ಣ,” ಅಂದಳು.

“ತಲೆ ಕೆಟ್ಟದಾ ತಾಯಿ? ಮದ್ವೆ ಮನ್ಯಾಗೆ ಜಗಳದ ಪದ ಹಾಕುದ್ರೆ ನನ್ ಹಾರ್ನಿಗೆ ಕಲ್ ಬೀಳ್ತದೆ,” ಅಂತ ಹೇಳಿ ಬಚ್ಚಪ್ಪ ಪಾಯಸ ಬಂತೆಂದು ಎದ್ದು ಪಂಕ್ತಿಗೆ ಹೋದ.

ಆದಿಲಕ್ಷ್ಮಿ ತಾನೇ ಸೆಟ್ಟಿಗೆ ಕೈ ಹಾಕಿದಳು. ಕ್ಯಾಸೆಟ್ಟು ಈಚೆ ತೆಗೆದಳು, ತಿರುಗಿಸಿದಳು, ಒಳಗೆ ತಳ್ಳಿ ಗುಂಡಿ ಒತ್ತಿದಳು. ವಾಲ್ಯೂಮನ್ನು ಎಷ್ಟು ತಿರುಗುತ್ತದೋ ಅಷ್ಟಕ್ಕೂ ತಿರುಗಿಸಿದಳು.

‘ಮಾತು ಕೊಟ್ಟ ಬಾಯಿಗೆ ಬೀಗ ಜಡಿದ್ಯಾಕೋ
ಬೀಗದ ಕೈ ಬಾವಿಗೆಸೆದು ನಗುತೀಯಾಕೋ’

ಪಂಕ್ತಿಯಲ್ಲಿ ಎತ್ತಿದ ತುತ್ತು ಎತ್ತಿದ ಹಾಗೇ ನಿಂತಿತು. ಶ್ರೀರಾಮಪ್ಪ ಬಾಯಲ್ಲಿದ್ದ ಎಲೆಅಡಿಕೆ ಉಗುಳಿ ಎದ್ದ. ಬಚ್ಚಪ್ಪ ಎಂಜಲು ಕೈಯಲ್ಲೇ ಓಡಿ ಬಂದ. ಆದಿಲಕ್ಷ್ಮಿ ಸೆಟ್ಟಿಗೆ ಬೆನ್ನು ಕೊಟ್ಟು ನಿಂತುಬಿಟ್ಟಳು, ಮುಟ್ಟು ನೋಡೋಣ ಅನ್ನುವ ಹಾಗೆ. ಮುಂದೆ ಏನಾಗುತ್ತಿತ್ತೋ, ಅಷ್ಟರಲ್ಲಿ ಸೌಟು ಹಿಡಿದು ಬಡಿಸುತ್ತಿದ್ದ ಮುದುಕಿ ಚಿಕ್ಕವೆಂಕಟಮ್ಮ ಬಾಯಿ ಹಾಕಿದಳು.

“ಬಿಡ್ರೋ, ಆಡ್ಲಿ. ತಾಳಿ ಕಟ್ಟಾಯ್ತಲ್ಲ, ಇನ್ಮ್ಯಾಕೆ ಜಗಳ ಆಡ್ದೆ ಇರ್ತಾರಾ ಅವ್ರು?”

ಹೆಂಗಸರು ಗೊಳ್ಳೆಂದು ನಕ್ಕರು. ನಗು ನಿಲ್ಲುವ ಮೊದಲೇ ಒಬ್ಬಳು ಸೆರಗು ಸಿಕ್ಕಿಸಿ ಎದ್ದಳು, ಹಿಂದೆ ಇನ್ನೊಬ್ಬಳು. ಜಗಳದ ಹಾಡಿಗೆ ಕುಣಿಯಬೇಕಾದರೆ ಮದುವೆಯಾದವರೇ ಕುಣಿಯಬೇಕು ಬಿಡಿ, ಆ ಕೈ ತಿರುವೋದು, ಆ ಮೂತಿ ತಿರುಗಿಸೋದು. ಮುನಿಸಿನ ಹಾಡಿಗೆ ಇಡೀ ಹೆಣ್ಣಿನ ಕಡೆ ಗಂಡಸರಿಗೆ ಬೆನ್ನು ಹಾಕಿ ಕುಣಿಯಿತು. ಅಗಲುವ ಹಾಡು ಬಂದಾಗ ಮದುಮಗಳ ತಾಯಿ ಕುಣಿಯುತ್ತಲೇ ಅಳುತ್ತಿದ್ದಳು, ಯಾರಿಗೂ ಗೊತ್ತಾಗಲಿಲ್ಲ. ಆದಿಲಕ್ಷ್ಮಿಗೆ ಮಾತ್ರ ಕಂಡಿತು. ತನ್ನ ಹಾಡು ಪೂರ್ತಿ ಕೇಳಿಸಿಕೊಂಡವರನ್ನು ಮೊದಲ ಸಲ ನೋಡಿ ಅವಳ ರೋಮವೆಲ್ಲ ನಿಂತಿತ್ತು.

ಆಮೇಲೆ ಎಂಟನೆಯದು. ಸೀನಪ್ಪ ಚಪ್ಪರದ ಕಂಬದ ಹತ್ತಿರ ಕ್ಲಾರಿನೆಟ್ ಎದೆಗವಚಿಕೊಂಡು ನಿಂತಿದ್ದ, ಮುಖ ಬಾಡಿಹೋಗಿತ್ತು. ಅವಳು ಅವನನ್ನೇ ನೋಡಿದಳು. ಹಾರ್ನು ಊರಿಗೆಲ್ಲ ಕೇಳುವ ಹಾಗೆ ಕೇಳಿತು:

‘ಹೊಸ್ತಿಲಾಚೆ ನಿಂತವಳೆ ನಮ್ಮ ಆದಿಲಕ್ಷ್ಮಿ
ಗಂಡಿನೋರೇ ಹೇಳಿರಿ, ಒಳಗೆ ಕರೆಯೋರ್ಯಾರು’

ಧಂಚಕ ಧಂಚಕ. ಖಾಲಿ ತಾಳ. ಸೀನಪ್ಪನ ತುಟಿ ಅದುರಿತು, ತೆರೆಯಲಿಲ್ಲ. ತೆರೆಯೋ ಬಾವ, ಅಂತ ಅವಳ ಜೀವ ಕೂಗಿಕೊಳ್ಳುತ್ತಿತ್ತು. ಧಂಚಕ ಧಂಚಕ. ಕುಣಿಯುತ್ತಿದ್ದವರು ನಿಂತು ಆ ಕಡೆ ಈ ಕಡೆ ನೋಡಿದರು. ಹೆಣ್ಣಿನ ಕಡೆಯಿಂದ ಪದ ಬಂದಿದೆ, ಗಂಡಿನ ಕಡೆಯವರು ಸುಮ್ಮನಿದ್ದಾರೆ. ಗೆದ್ದೆವು ಅಂತ ಯಾರೋ ಚಪ್ಪಾಳೆ ತಟ್ಟಲು ಕೈ ಎತ್ತಿದರು.

ಅಷ್ಟು ಸಾಕಾಯಿತು ಅಶ್ವತ್ಥಮ್ಮನಿಗೆ. ಗಂಡಿನ ಕಡೆ ಕೂತವಳು ತಾನು. ಪದ ಯಾರದು, ದನಿ ಯಾರದು, ಹೆಸರು ಯಾರದು, ಯೋಚನೆ ಮಾಡಲು ಹೊತ್ತೆಲ್ಲಿ? ಚಾಪೆಯಿಂದ ಎದ್ದೇಬಿಟ್ಟಳು, ಕಿವಿಗೆ ಕೈ ಇಟ್ಟು ಎತ್ತಿಯೇಬಿಟ್ಟಳು.

“ಸೇರಕ್ಕಿ ಇಟ್ಟೀವಿ ಬಾರಮ್ಮ ಆದಿಲಕ್ಷ್ಮಿ
ಬಲಗಾಲ ಮುಂದಿಟ್ಟು ಬಾ ನಮ್ಮ...”

ಅಲ್ಲಿ ಗಂಡಿನ ಹೆಸರು ಬರಬೇಕು. ಬೆಳಗಿನಿಂದ ಹೇಳಿ ಹೇಳಿ ರೂಢಿಯಾದ ಆ ದಿನದ ಮದುಮಗನ ಹೆಸರು ನಾಲಗೆಯ ತುದಿಗೆ ಬಂತು. ಅಶ್ವತ್ಥಮ್ಮ ಗಕ್ಕನೆ ನಾಲಗೆ ಕಚ್ಚಿಕೊಂಡಳು. ಆಗ ತಿಳಿಯಿತು ಅವಳಿಗೆ, ಎತ್ತಿದ್ದು ತನ್ನ ಮಗಳ ಹೆಸರು. ಮಗಳ ಕಡೆ ತಿರುಗಿದಳು. ಮಗಳ ಕಣ್ಣು ಎಲ್ಲಿದೆ ನೋಡಿದಳು. ಆ ಕಣ್ಣಿನ ದಾರಿ ಹಿಡಿದು ಹೋದರೆ ಕಂಬದ ಹತ್ತಿರ ಊದುವವನು ನಿಂತಿದ್ದ. ಅವಳ ಮುಖದ ಬಣ್ಣ ಇಳಿಯಿತು. ಮುಂದೆ ಹೇಳುವ ಹಾಗಿಲ್ಲ, ಹೆಸರಿಲ್ಲ. ಬಿಡುವ ಹಾಗಿಲ್ಲ, ಸ್ವಂತ ಮಗಳ ಪದ ಅರ್ಧಕ್ಕೆ ನಿಲ್ಲುತ್ತದೆ. ಚಪ್ಪರದ ಹೆಂಗಸರೆಲ್ಲ ಎದೆಯ ಮೇಲೆ ಕೈ ಇಟ್ಟುಕೊಂಡರು. ಹಾರ್ನಿನಲ್ಲಿ ತಾಳ ಮುಗಿಯಿತು, ಟೇಪು ಟಕ್ ಅಂತ ನಿಂತಿತು. ಅಶ್ವತ್ಥಮ್ಮ ಮಾತ್ರ ಬಾಯಿ ತೆರೆದುಕೊಂಡು ನಿಂತೇ ಇದ್ದಳು. ಅಮ್ಮನ ಗಂಟಲು ಸಿಕ್ಕಿಕೊಂಡದ್ದನ್ನು ಆದಿಲಕ್ಷ್ಮಿ ಹುಟ್ಟಿದಾಗಿನಿಂದ ಕಂಡಿರಲಿಲ್ಲ. ತಾನು ಏನು ಮಾಡಿಬಿಟ್ಟೆ ಅಂತ ಅವಳಿಗೆ ಭಯವಾಯಿತು.

“ಸೀನಪ್ಪನ...”

ತಾಳವಿಲ್ಲ, ಶ್ರುತಿಯಂತೂ ಮೊದಲೇ ಇಲ್ಲ. ಒಡಕು ದನಿ ಕಂಬದ ಕಡೆಯಿಂದ ಬಂತು. ಒಂದು ಸಲ ಹಾಡಿ ನಿಲ್ಲಿಸಿದ, ಕೆಮ್ಮಿದ, ಇನ್ನೂ ಜೋರಾಗಿ ಮತ್ತೆ ಹಾಡಿದ, “ನಮ್ಮ ಸೀನಪ್ಪನ...” ಅಂತ. ಗಂಡು ತನ್ನ ಹೆಸರನ್ನು ತಾನೇ ಪದಕ್ಕೆ ಹಾಕುವುದನ್ನು ಆ ಸೀಮೆಯಲ್ಲಿ ಯಾರೂ ಕೇಳಿರಲಿಲ್ಲ. ಅವನ ಕಿವಿ, ಕುತ್ತಿಗೆ ಎಲ್ಲ ಕೆಂಪಗಾಗಿತ್ತು. ಕಣ್ಣು ಮಾತ್ರ ಆದಿಲಕ್ಷ್ಮಿಯ ಮೇಲೆ ನೆಟ್ಟಿತ್ತು, ಈ ಸಲ ನೆಲ ನೋಡಲಿಲ್ಲ. ಕುಪ್ಪುಸ್ವಾಮಿ ಡ್ರಮ್ಮಿನ ಮೇಲೆ ಒಂದು ಏಟು ಕೊಟ್ಟು, “ಅಪ್ಪಡಿ ಪೋಡು, ಹಂಗೆ ಹಾಕು,” ಅಂದ.

ಅಶ್ವತ್ಥಮ್ಮ ಅವನನ್ನು ನೋಡಿದಳು. ಸುಡುವ ನೋಟ. ಆಮೇಲೆ ಮಗಳನ್ನು ನೋಡಿದಳು. ಆದಿಲಕ್ಷ್ಮಿಗೆ ನಗು, ಅಳು ಎರಡೂ ಒಟ್ಟಿಗೆ ಬಂದು ಸೆರಗನ್ನು ಬಾಯಿಗೆ ತುರುಕಿಕೊಂಡಿದ್ದಳು. ಅಮ್ಮ ಒಂದು ಉಸಿರು ಎಳೆದುಕೊಂಡು, ಮಗಳ ಮುಖದಿಂದ ಕಣ್ಣು ತೆಗೆಯದೆ, ಪದ ಮುಗಿಸಿದಳು.

“...ಮನೆಗೆ, ದೀಪವ ಹಚ್ಚೋಕೆ.”

ಚಪ್ಪರ ಹಾರಿಹೋಗುವ ಹಾಗೆ ಕೂಗು ಎದ್ದಿತು. ಬಚ್ಚಪ್ಪ ಕ್ಯಾಸೆಟ್ಟನ್ನು ಮತ್ತೆ ಬಿ ಸೈಡಿನ ಮೊದಲಿಗೆ ಓಡಿಸಿದ. ಮದುಮಗ, ಮದುಮಗಳು ಕೂಡ ಎದ್ದು ನಿಂತರು. ಆ ಗದ್ದಲದಲ್ಲಿ ಅಶ್ವತ್ಥಮ್ಮ ಸೀನಪ್ಪನ ಮುಂದೆ ಬಂದು ಸೊಂಟಕ್ಕೆ ಕೈ ಇಟ್ಟು ನಿಂತಳು.

“ಸುಕ್ರವಾರ ಮುಳಬಾಗ್ಲಿನೋರು ಬತ್ತಾರೆ. ಬರ್ಬ್ಯಾಡಿ ಅಂತ ಅವ್ರಿಗೆ ಯಾರ್ಲಾ ಯೋಳೋರು ಈಗ?”

“ನಾನೇ ಓಗಿ ಯೋಳ್ತೀನಿ ಅತ್ತೆ,” ಅಂದ ಸೀನಪ್ಪ.